ಒಡವೆ ಕಿಟ್: ಒಂದು ಕೊಂಡಿ ಕಡಿಮೆಯಾದರೂ ಕೆಲಸ ನಿಲ್ಲುತ್ತದೆ

ಮಾನ್ಯ ಸಂಪಾದಕರೇ,

ಆಷಾಢ ಕಳೆಯುವ ಹೊತ್ತಿಗೆ ಒಡವೆ ಕಿಟ್ ಕಟ್ಟುವ ಕೆಲಸ ಶುರುವಾಗುತ್ತದೆ. ವರಮಹಾಲಕ್ಷ್ಮಿಯಂದು ಅರಿಶಿನ ಕುಂಕುಮಕ್ಕೆ ಬಂದವರಿಗೆ ಕೊಡಲು, ಗೌರಿ ಬಾಗಿನದ ಮೊರದಲ್ಲಿಡಲು, ಸಂತೆ–ಮೇಳಗಳ ಮಳಿಗೆಯಲ್ಲಿ ಮಾರಲು ಮಣಿ, ದಾರ, ಕೊಕ್ಕೆ, ಅಂಟು ಎಲ್ಲವನ್ನೂ ಒಂದು ಡಬ್ಬಿಗೆ ಹಾಕಿ ‘ನೀವೇ ಮಾಡಿಕೊಳ್ಳಿ’ ಎಂದು ಕೊಡುವ ರೂಢಿ ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯ ಸ್ವಸಹಾಯ ಸಂಘಗಳಿಗೂ ಬಂದಿದೆ. ಒಳ್ಳೆಯ ಕೆಲಸ. ಆದರೆ ಕಿಟ್ ಕೊಂಡವರು ಎಷ್ಟೋ ಸಲ ಓಲೆಯನ್ನು ಅರ್ಧಕ್ಕೆ ಬಿಟ್ಟು ಎತ್ತಿಡುತ್ತಾರೆ. ಒಂದು ಕೊಂಡಿ ಕಡಿಮೆ ಬಿದ್ದಿರುತ್ತದೆ, ಪಿನ್ನು ಮಣಿಯ ತೂತಿಗೆ ಹೋಗುವುದಿಲ್ಲ, ಅಂಟು ಒಣಗಿರುತ್ತದೆ, ಚೀಟಿ ಓದಿದರೆ ಏನು ಮಾಡಬೇಕೆಂದು ತಿಳಿಯುವುದಿಲ್ಲ. ಅಂಥವರು ಇನ್ನೊಂದು ಸಲ ಕಿಟ್ ಕೊಳ್ಳುವುದಿಲ್ಲ. ಹಬ್ಬಕ್ಕೆ ಮೊದಲೇ ಇದನ್ನು ಸರಿಪಡಿಸಿಕೊಳ್ಳಲಿ ಎಂದು ಈ ಪತ್ರ. ಜಾಗ ಸಾಲದಿದ್ದರೆ ಮಾತು ಕತ್ತರಿಸಿ, ಅಳತೆಗಳನ್ನು ಮಾತ್ರ ದಯವಿಟ್ಟು ಉಳಿಸಿ.

ಬೆಂಗಳೂರಿನ ಚಿಕ್ಕಪೇಟೆ, ಮಾಮೂಲ್‌ಪೇಟೆಯಿಂದ ತಂದ ಪ್ಲಾಸ್ಟಿಕ್ ಮಣಿಯ ಕಿಟ್ ಯಾವ ಊರಿನಲ್ಲಾದರೂ ಸಿಗುತ್ತದೆ. ಶಿಡ್ಲಘಟ್ಟದಲ್ಲಿ ಕಟ್ಟಿದ ಕಿಟ್ಟಿನಲ್ಲಿ ರೇಷ್ಮೆಗೂಡು ಇರಬೇಕು ಎಂಬುದು ನಮ್ಮ ಗಟ್ಟಿ ಅಭಿಪ್ರಾಯ. ನೂಲು ಬಿಚ್ಚಲು ಬಾರದ ಗೂಡು ಜುಮುಕಿಗೆ ಬರುತ್ತದೆ. ಬಿತ್ತನೆ ಕೋಠಿಗಳಲ್ಲಿ (ರೇಷ್ಮೆಹುಳುವಿನ ಮೊಟ್ಟೆ ತಯಾರಿಸುವ ಕೇಂದ್ರಗಳು) ಗಂಡು–ಹೆಣ್ಣು ಪ್ಯೂಪಗಳನ್ನು (ಗೂಡಿನೊಳಗಿನ ಹುಳು) ಬೇರೆ ಮಾಡಲು ಗೂಡಿನ ಒಂದು ತುದಿ ಕತ್ತರಿಸುತ್ತಾರೆ. ಆ ಖಾಲಿ ಗೂಡು ಒಳಗೆಲ್ಲ ಚೊಕ್ಕವಾಗಿರುತ್ತದೆ. ಚಿಟ್ಟೆ ತೂತು ಮಾಡಿಕೊಂಡು ಹೊರಬಂದ ಗೂಡೂ ನಡೆಯುತ್ತದೆ. ಆದರೆ ಹೊರಬರುವಾಗ ಚಿಟ್ಟೆ ಬಿಡುವ ದ್ರವದಿಂದ ಗೂಡಿನ ಬಾಯಿಯ ಸುತ್ತ ಕಂದು ಕಲೆ ಕೂತಿರುತ್ತದೆ. ಅದು ತೊಳೆದರೆ ಹೋಗದು, ಆ ತುದಿಯನ್ನೇ ಕತ್ತರಿಸಿ ತೆಗೆಯಬೇಕು. ಹುಳು ಒಳಗೇ ಸತ್ತ ಗೂಡನ್ನು ಮಾತ್ರ ಎಷ್ಟೇ ಬೆಳ್ಳಗಿದ್ದರೂ ಸೇರಿಸಬಾರದು. ಪ್ಯೂಪದ ಎಣ್ಣೆ ಒಳಗಿನಿಂದ ಜಿನುಗಿ ಹಳದಿ ಕಲೆಯಾಗುತ್ತದೆ, ನಾತ ಹೊಡೆಯುತ್ತದೆ. ಅದನ್ನು ತಿನ್ನಲು ಬರುವ ಡರ್ಮೆಸ್ಟಿಡ್ ಜೀರುಂಡೆ ಪಕ್ಕದ ಒಳ್ಳೆಯ ಗೂಡುಗಳನ್ನೂ ಕೊರೆದುಬಿಡುತ್ತದೆ. ಒಂದು ಕೆಟ್ಟ ಗೂಡಿನಿಂದ ಇಡೀ ಮೂಟೆ ಹೋಗುತ್ತದೆ. ಪ್ರತಿ ಗೂಡನ್ನೂ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ. ಒಳಗೆ ಗಿಲಕಿಯ ಸದ್ದು ಬಂದರೆ ಬೇಡ. ಸದ್ದಿಲ್ಲದಿದ್ದರೂ ಕತ್ತರಿಸಿದ ಮೇಲೆ ಒಳಗೆ ಹುಳು ಕಳಚಿದ ಪೊರೆ, ಒಣಗಿ ಅಂಟಿದ ಚೂರು ಇದೆಯೇ ನೋಡಿ ತೆಗೆಯಿರಿ.

ದ್ವಿತಳಿ (ಬೈವೋಲ್ಟೀನ್) ಎಂಬ ರೇಷ್ಮೆಹುಳು ಜಾತಿಯ ಬಿಳಿ ಗೂಡಿನ ಖಾಲಿ ಚಿಪ್ಪು ಸುಮಾರು 0.4 ಗ್ರಾಂ ತೂಗುತ್ತದೆ. ಅಂದರೆ ಕಿಲೋಗೆ 2,500 ಗೂಡು. ಒಂದು ಜೊತೆ ಜುಮುಕಿಗೆ ಎರಡು ಗೂಡು, ಕೆಡುವುದಕ್ಕೆಂದು ಇನ್ನೊಂದು. ಕಲೆಯಾದದ್ದು, ತೆಳುವಾದದ್ದು, ಚಪ್ಪಟೆಯಾದದ್ದನ್ನು ಆರಿಸಿ ಎಸೆದರೂ ಒಂದು ಕಿಲೋದಲ್ಲಿ 600 ಕಿಟ್ ಕಟ್ಟಬಹುದು. ಇಷ್ಟು ಅಗ್ಗವಾಗಿ ಊರಲ್ಲೇ ಸಿಗುವ ವಸ್ತು ಇನ್ನೊಂದಿಲ್ಲ.

ಬಣ್ಣ ಹಾಕುವಾಗ ಹೆಚ್ಚಿನವರು ಎಡವುತ್ತಾರೆ. ಗೂಡು ಗಟ್ಟಿಯಾಗಿ ನಿಲ್ಲುವುದು ಸೆರಿಸಿನ್ ಎಂಬ ಅಂಟಿನಿಂದ. ರೇಷ್ಮೆಯ ತೂಕದಲ್ಲಿ ಸುಮಾರು ಕಾಲು ಭಾಗ ಅದೇ. ನೂಲು ಬಿಚ್ಚುವವರು ಗೂಡು ಬೇಯಿಸುವುದು ಆ ಅಂಟು ಸಡಿಲವಾಗಲೆಂದೇ. ನಮಗೆ ಬೇಕಾದದ್ದು ಅದಕ್ಕೆ ತದ್ವಿರುದ್ಧ. ಸೀರೆಗೆ ಬಣ್ಣ ಹಾಕುವಂತೆ ಕುದಿಯುವ ನೀರಿಗೆ ಹಾಕಿದರೆ, ಅದರಲ್ಲೂ ಸೋಡಾ ಸೇರಿಸಿದರೆ, ಗೂಡು ಒದ್ದೆ ಹತ್ತಿಯಂತೆ ಮೆತ್ತಗಾಗಿ ಆಕಾರ ಕಳೆದುಕೊಳ್ಳುತ್ತದೆ. 50 ಡಿಗ್ರಿಯ ಆಸುಪಾಸು ಬಿಸಿಯಿರುವ ನೀರು, ಲೀಟರಿಗೆ ಎರಡು ಚಮಚ ವಿನೆಗರ್, ರೇಷ್ಮೆಗೆ ಹಾಕುವ ಆಸಿಡ್ ಬಣ್ಣ, ಹತ್ತು ನಿಮಿಷ. ಗೂಡು ತೇಲುತ್ತದೆ, ಮೇಲೊಂದು ತಟ್ಟೆ ಮಗುಚಿ ಅದುಮದಿದ್ದರೆ ಒಂದು ಮಗ್ಗುಲು ಬೆಳ್ಳಗೇ ಉಳಿಯುತ್ತದೆ. ಬಣ್ಣ ತಿಳಿಯಾಗಿಯೇ ಬರುತ್ತದೆ. ಕಡು ಬಣ್ಣ ಬೇಕೆಂದು ಉರಿ ಹೆಚ್ಚಿಸಬಾರದು. ನೀರು ಬಿಳಿಯಾಗುವವರೆಗೆ ಜಾಲಿಸಿ, ಬಾಯಿ ಕೆಳಗೆ ಮಾಡಿ ನೆರಳಲ್ಲಿ ಎರಡು ದಿನ ಒಣಗಿಸಬೇಕು. ಒಣಗಿದ ಮೇಲೆ ಒದ್ದೆ ಬಿಳಿ ಬಟ್ಟೆಯಿಂದ ಉಜ್ಜಿ ನೋಡಿ. ಬಟ್ಟೆಗೆ ಬಣ್ಣ ಹತ್ತಿದರೆ ಬೆವರಿದ ಕತ್ತಿಗೂ ಹತ್ತುತ್ತದೆ. ಅಂಥದ್ದನ್ನು ಮತ್ತೆ ಜಾಲಿಸಬೇಕು. ಮೋಡ ಕವಿದ ದಿನಗಳಲ್ಲಿ ಅರೆಬರೆ ಒಣಗಿದ ಗೂಡನ್ನು ಡಬ್ಬಿಗೆ ಹಾಕಿದರೆ ಬೂಸ್ಟು ಹಿಡಿಯುತ್ತದೆ, ಪಕ್ಕದಲ್ಲಿರುವ ಕೊಕ್ಕೆಗಳು ಕಪ್ಪಾಗುತ್ತವೆ.

ಜುಮುಕಿಗೆ ತುದಿಯಿಂದ 1.5 ಸೆಂ.ಮೀ. ಅಳೆದು ಸುತ್ತ ಪೆನ್ಸಿಲ್ ಗೆರೆ ಹಾಕಿ, ಚಿಕ್ಕ ಚೂಪು ಕತ್ತರಿಯಿಂದ ಕತ್ತರಿಸಬೇಕು. ಮೊಂಡು ಕತ್ತರಿ ಹಾಕಿದರೆ ಗೂಡಿನ ಪದರಗಳು ಬಿಟ್ಟುಕೊಂಡು ಅಂಚು ಹಿಂಜಿದಂತಾಗುತ್ತದೆ. ಬಟ್ಟೆ ಅಂಟಿಗೆ ಅಷ್ಟೇ ನೀರು ಬೆರೆಸಿ ಬ್ರಷ್ಷಿನಿಂದ ಅಂಚಿಗೆ ಒಂದು ಸಲ ಬಳಿದರೆ ಅದು ನಿಲ್ಲುತ್ತದೆ. ಈ ಎರಡು ಕೆಲಸವನ್ನೂ ಕಿಟ್ ಕಟ್ಟುವವರೇ ಮುಗಿಸಿ ಕೊಡುವುದು ವಾಸಿ. ಕೊಂಡವರಿಗೆ ಜೋಡಿಸುವ ಸಂತೋಷ ಸಾಕು.

ಇನ್ನು ಲೋಹದ ಸಾಮಾನು. ಒಂದು ಜೊತೆಗೆ: 4 ಸೆಂ.ಮೀ. ಉದ್ದದ, 22 ಗೇಜಿನ ತಲೆಪಿನ್ನು (ಒಂದು ತುದಿಯಲ್ಲಿ ಚಪ್ಪಟೆ ತಲೆಯಿರುವ ತಂತಿ) ಎರಡು, 8 ಮಿ.ಮೀ. ಮುತ್ತು ಎರಡು, ಮಣಿ ಟೋಪಿ (ಮಣಿಯ ಮೇಲೆ ಕೂರುವ ಚಿಕ್ಕ ಲೋಹದ ಬಟ್ಟಲು) ನಾಲ್ಕು, 4 ಮಿ.ಮೀ. ಚಿನ್ನದ ಬಣ್ಣದ ಮಣಿ ಎರಡು, 5 ಮಿ.ಮೀ. ರಿಂಗು (ಪಿನ್ನನ್ನು ಕೊಕ್ಕೆಗೆ ಸೇರಿಸುವ ಕೊಂಡಿ) ಎರಡು, ಕಿವಿಯ ಕೊಕ್ಕೆ ಎರಡು. ಪೋಣಿಸುವ ಕ್ರಮ ಕೆಳಗಿನಿಂದ ಮೇಲೆ: ಪಿನ್ನಿಗೆ ಮುತ್ತು, ಟೋಪಿ, ಗೂಡು, ಮತ್ತೆ ಟೋಪಿ, ಚಿಕ್ಕ ಮಣಿ. ಗೂಡಿನ ಒಳಗೂ ಹೊರಗೂ ಟೋಪಿ ಯಾಕೆಂದರೆ, ಅದಿಲ್ಲದಿದ್ದರೆ ನಾಲ್ಕು ಸಲ ಹಾಕಿ ತೆಗೆಯುವಷ್ಟರಲ್ಲಿ ಪಿನ್ನು ತೂತನ್ನು ಹಿಗ್ಗಿಸಿ ಗೂಡು ಓರೆಯಾಗುತ್ತದೆ. ಸಾಮಾನೆಲ್ಲ ಸೇರಿ ಸುಮಾರು 1.7 ಸೆಂ.ಮೀ.; ಮಣಿಯ ಮೇಲೆ 1 ಸೆಂ.ಮೀ. ತಂತಿ ಬಿಟ್ಟು ಉಳಿದದ್ದನ್ನು ಕತ್ತರಿಸಿ, ದುಂಡು ಮೂತಿಯ ಇಕ್ಕಳದಿಂದ ಕುಣಿಕೆಯಾಗಿ ಸುತ್ತಬೇಕು. 22 ಗೇಜ್ ಎಂದರೆ 0.64 ಮಿ.ಮೀ. ಗೇಜಿನ ಅಂಕಿ ಹೆಚ್ಚಾದಷ್ಟೂ ತಂತಿ ತೆಳು: 20 ಗೇಜ್ 0.8 ಮಿ.ಮೀ., 24 ಗೇಜ್ 0.5 ಮಿ.ಮೀ. ಸುತ್ತಲು ಸುಲಭವೆಂದು 24 ತಂದರೆ ಕುಣಿಕೆ ಬಿಚ್ಚಿಕೊಂಡು ಮುತ್ತು ದಾರಿಯಲ್ಲಿ ಬೀಳುತ್ತದೆ. 20 ತಂದರೆ ಕೆಲವು ಮಣಿಗಳ ತೂತಿಗೆ ಹೋಗದು. ಹೊಸ ಸರಕು ಬಂದಾಗಲೆಲ್ಲ ಹತ್ತು ಮಣಿ ತೆಗೆದು ಪಿನ್ನು ಹಾಕಿ ನೋಡದೆ ಪೊಟ್ಟಣ ಕಟ್ಟಬೇಡಿ. ರಿಂಗು ತೆರೆಯುವಾಗ ಎರಡು ತುದಿಗಳನ್ನು ಎಡಬಲಕ್ಕೆ ಅಗಲಿಸದೆ ಹಿಂದೆ ಮುಂದೆ ತಿರುಚಬೇಕೆಂದು ಚಿತ್ರ ಬರೆದೇ ತೋರಿಸಿ. ಅಗಲಿಸಿದ ರಿಂಗು ಮತ್ತೆ ದುಂಡಗೆ ಕೂಡುವುದಿಲ್ಲ.

ದುಂಡು ಮೂತಿಯ ಇಕ್ಕಳ ಎಷ್ಟು ಮನೆಗಳಲ್ಲಿದೆ? ತಾಂಬೂಲದ ಜೊತೆ ಉಡುಗೊರೆಯಾಗಿ ಕೊಡುವ ಕಿಟ್ಟಿಗೆ ಇಕ್ಕಳ ಬೇಕಾಗಲೇಬಾರದು. ಅದರಲ್ಲಿ ಪಿನ್ನಿನ ಬದಲು ಗಟ್ಟಿ ನೈಲಾನ್ ದಾರ, ಒಂದು ಸೂಜಿ ಇಟ್ಟು, ಕೊಕ್ಕೆಯ ಕುಣಿಕೆಗೇ ಹೊಲಿದುಕೊಳ್ಳುವಂತೆ ಮಾಡಿ. ಮಾರುವ ಕಿಟ್ಟಿನಲ್ಲಿ ಪಿನ್ನು ಇರಲಿ, ಆದರೆ ‘ಇಕ್ಕಳ ಬೇಕು’ ಎಂದು ಡಬ್ಬಿಯ ಹೊರಗೇ ದಪ್ಪಕ್ಷರದಲ್ಲಿ ಬರೆಯಬೇಕು. ಒಳಗಿನ ಚೀಟಿಯಲ್ಲಿ ಬರೆದರೆ ಕೊಂಡ ಮೇಲೆ ತಿಳಿದಂತಾಯಿತು.

ಎರಡನೆಯದು ದಾರದ ಬಳೆ. ಇದರಲ್ಲಿ ಅಳತೆಯ ತಪ್ಪೇ ಹೆಚ್ಚು. ನಮ್ಮ ಬಳೆ ಅಂಗಡಿಗಳ 2.4, 2.6, 2.8 ದಶಾಂಶವಲ್ಲ. ಚುಕ್ಕಿಯ ಮುಂದಿನ ಅಂಕಿ ಇಂಚಿನ ಹದಿನಾರನೇ ಭಾಗಗಳನ್ನು ಹೇಳುತ್ತದೆ. 2.6 ಎಂದರೆ ಎರಡು ಇಂಚು, ಅದರ ಮೇಲೆ 6/16, ಒಳವ್ಯಾಸ 60.3 ಮಿ.ಮೀ. 2.4 ಎಂದರೆ 57, 2.8 ಎಂದರೆ 63.5 ಮಿ.ಮೀ. ಹಾಗಾಗಿ 2.10 ಬಳೆ 2.8ಕ್ಕಿಂತ ದೊಡ್ಡದು, 66.7 ಮಿ.ಮೀ. ಕಂಪ್ಯೂಟರಿನ ಪಟ್ಟಿಯಲ್ಲಿ ಅದು 2.1 ಆಗಿ ಕೂತರೆ ದೊಡ್ಡ ಕೈಯವರಿಗೆ ಮಗುವಿನ ಬಳೆ ಹೋಗುತ್ತದೆ. ದಾರ ಸುತ್ತಿದಾಗ ಒಳಗಡೆ ಸುಮಾರು ಒಂದು ಮಿಲಿಮೀಟರ್ ಕಿರಿದಾಗುತ್ತದೆ. ಒಂದು ಅಳತೆಗೂ ಮುಂದಿನದಕ್ಕೂ ಇರುವ ಅಂತರವೇ 3.2 ಮಿ.ಮೀ.; ಆದ್ದರಿಂದ ಬಿಗಿಯಾಗಿ ತೊಡುವವರಿಗೆ ಒಂದು ಅಳತೆ ದೊಡ್ಡದು ಕೊಡಿ.

ದಾರ ಎಷ್ಟು ಬೇಕೆಂಬುದನ್ನು ಅಂದಾಜಿಗೆ ಬಿಡಬೇಕಿಲ್ಲ. 6 ಮಿ.ಮೀ. ಅಗಲ, 3 ಮಿ.ಮೀ. ದಪ್ಪದ ಪ್ಲಾಸ್ಟಿಕ್ ಬಳೆಯನ್ನು ಒಂದು ಸುತ್ತು ಬಳಸಲು 18 ಮಿ.ಮೀ. ದಾರ ಬೇಕು. 2.6 ಬಳೆಯ ಒಳಸುತ್ತು 189 ಮಿ.ಮೀ.; ಒಂದರ ಮೇಲೊಂದು ಸ್ವಲ್ಪ ಹತ್ತುವಂತೆ 2 ಮಿ.ಮೀ.ಗೊಂದು ಸುತ್ತು ಹಾಕಿದರೆ 95 ಸುತ್ತು, ಅಂದರೆ 1.7 ಮೀಟರ್. ಕೈ ತಪ್ಪುವುದಕ್ಕೆ ಸೇರಿಸಿ 2 ಮೀಟರ್ ಇಡಿ. ಇದು 20 ಎಳೆಯ ಕಟ್ಟಿನ ಉದ್ದ. ಒಂದು ಬಳೆಗೆ 40 ಮೀಟರ್, ಜೊತೆಗೆ 80 ಮೀಟರ್ ದಾರ. ಉಂಡೆಯನ್ನು ಹಾಗೇ ಕೊಟ್ಟು ‘20 ಎಳೆ ಮಾಡಿಕೊಳ್ಳಿ’ ಎಂದರೆ ಮೊದಲ ಹತ್ತು ನಿಮಿಷದಲ್ಲೇ ಗೋಜಲಾಗುತ್ತದೆ. 20 ಎಳೆಯನ್ನು ನೀವೇ ಜೋಡಿಸಿ, ಎರಡೂ ತುದಿ ಕಟ್ಟಿ, ರಟ್ಟಿನ ತುಂಡಿಗೆ ಸುತ್ತಿ ಕೊಡಿ. ಒಂದು ಬಣ್ಣದ ದಾರವನ್ನು ಅಷ್ಟೂ ಕಿಟ್ಟಿಗೆ ಒಂದೇ ಸಲ ತನ್ನಿ. ಎರಡನೇ ಸಲ ತಂದ ‘ಅದೇ’ ಕೆಂಪು ಪಕ್ಕದಲ್ಲಿಟ್ಟಾಗ ಬೇರೆಯಾಗಿ ಕಾಣುತ್ತದೆ.

ಆ ದಾರಕ್ಕೆ ‘ರೇಷ್ಮೆ ದಾರ’ ಎಂದು ಬರೆಯುವವರಿಗೆ ಒಂದು ಕಳಕಳಿಯ ಮಾತು. ಅಂಗಡಿಯಲ್ಲಿ ಸಿಲ್ಕ್ ಥ್ರೆಡ್ ಎಂದು ಸಿಗುವುದರಲ್ಲಿ ಹೆಚ್ಚಿನದು ರೇಯಾನ್ ಅಥವಾ ಪಾಲಿಯೆಸ್ಟರ್. ಒಂದು ತುಂಡು ಸುಟ್ಟರೆ ಗೊತ್ತಾಗುತ್ತದೆ. ರೇಷ್ಮೆ ನಿಧಾನ ಉರಿದು ಕೂದಲು ಸುಟ್ಟ ವಾಸನೆ ಕೊಡುತ್ತದೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ರೇಯಾನ್ ಕಾಗದದಂತೆ ಉರಿಯುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಗುಂಡಾಗುತ್ತದೆ. ಅಪ್ಪಟ ರೇಷ್ಮೆ ಗುರುತಿಸಲೆಂದೇ 2004ರಿಂದ ಕೇಂದ್ರ ರೇಷ್ಮೆ ಮಂಡಳಿಯ ಸಿಲ್ಕ್ ಮಾರ್ಕ್ ಇದೆ. ಗೂಡಿನ ಸಂತೆಯ ಊರಿನವರೇ ರೇಯಾನನ್ನು ರೇಷ್ಮೆಯೆಂದು ಮಾರಿದರೆ ಬೆಳೆಗಾರರಿಗೂ ನೂಲು ಬಿಚ್ಚುವವರಿಗೂ ಮಾಡುವ ಅನ್ಯಾಯ. ‘ಹೊಳಪು ದಾರ’ ಎಂದು ಬರೆಯಿರಿ, ಯಾರೂ ಬೇಡವೆನ್ನುವುದಿಲ್ಲ.

ಬಳೆಗೆ ಬಟ್ಟೆ ಅಂಟೇ ಆಗಬೇಕು. ಸೂಪರ್ ಗ್ಲೂ ಹಾಕಿದರೆ ದಾರ ಕಡ್ಡಿಯಾಗುತ್ತದೆ, ಹರಳಿನ ಸುತ್ತ ಬಿಳಿ ಮಸುಕು ಬರುತ್ತದೆ, ಬೆರಳು ಅಂಟಿಕೊಳ್ಳುತ್ತದೆ. ಶುರುವಿನಲ್ಲಿ, ಕೊನೆಯಲ್ಲಿ, ನಡುವೆ ಎರಡೆರಡು ಇಂಚಿಗೆ ಒಳಮೈಗೆ ಒಂದು ತೊಟ್ಟು, ಅಷ್ಟೇ. ಅರ್ಧ ಗಂಟೆ ಒಣಗಿದ ಮೇಲೆ ಹರಳು. ಬಳೆಯ ಹೊರಸುತ್ತು 208 ಮಿ.ಮೀ.; ಎಂಟು ಹರಳಾದರೆ 26 ಮಿ.ಮೀ.ಗೊಂದು. ಈ ಅಂತರವನ್ನು ಚೀಟಿಯ ಅಂಚಿನಲ್ಲಿ ಪಟ್ಟಿಯಂತೆ ಅಚ್ಚು ಹಾಕಿಸಿದರೆ ಕತ್ತರಿಸಿ ಬಳೆಗೆ ಸುತ್ತಿ ಗುರುತು ಮಾಡಿಕೊಳ್ಳಬಹುದು. ಅಂಟನ್ನು 5 ಮಿ.ಲೀ. ಸೀಸೆಯಲ್ಲಿ, ಮುಚ್ಚಳದ ಕೆಳಗೆ ಸೀಲಿರುವಂಥದ್ದರಲ್ಲಿ, ಬೇರೆ ಪೊಟ್ಟಣದಲ್ಲಿಡಿ. ಬಸ್ಸಿನ ಬಿಸಿಲಿಗೆ ಸೋರಿದ ಅಂಟು ಹರಳಿನ ಹಿಂದಿನ ಹಾಳೆಯನ್ನೇ ಕಿತ್ತುಬಿಡುತ್ತದೆ.

ಎಲಾಸ್ಟಿಕ್ ಕೈಸರ ಸುಲಭ: 18 ಸೆಂ.ಮೀ. ಸರಕ್ಕೆ 8 ಮಿ.ಮೀ. ಮಣಿ 23, 0.8 ಮಿ.ಮೀ. ಎಲಾಸ್ಟಿಕ್ 30 ಸೆಂ.ಮೀ. ಪೋಣಿಸುವ ಮುನ್ನ ನಾಲ್ಕೈದು ಸಲ ಎಳೆದು ಬಿಡಬೇಕು, ಇಲ್ಲದಿದ್ದರೆ ವಾರದಲ್ಲಿ ಸಡಿಲವಾಗಿ ನಡುವೆ ದಾರ ಕಾಣುತ್ತದೆ.

ಈಗ ಎಣಿಕೆ. ಕಿಟ್ಟಿನ ಮಾನ ಉಳಿಯುವುದೂ ಹೋಗುವುದೂ ಇಲ್ಲಿ. ಹತ್ತು ಜನ ಸುತ್ತ ಕೂತು ತಲಾ ಒಂದು ಪೊಟ್ಟಣಕ್ಕೆ ಎಲ್ಲವನ್ನೂ ತುಂಬುವ ಪದ್ಧತಿಯಲ್ಲಿ ಮಾತಿನ ನಡುವೆ ಒಂದು ರಿಂಗು ತಪ್ಪೇ ತಪ್ಪುತ್ತದೆ. ಮೊಟ್ಟೆ ಅಂಗಡಿಯ 30 ಗುಳಿಯ ಟ್ರೇ ತೆಗೆದುಕೊಳ್ಳಿ. ಒಂದು ಗುಳಿ ಒಂದು ಕಿಟ್. ಒಬ್ಬರು ಪಿನ್ನು ಮಾತ್ರ ಹಾಕುತ್ತಾ 30 ಗುಳಿ ಮುಗಿಸಲಿ, ಇನ್ನೊಬ್ಬರು ಮುತ್ತು, ಮತ್ತೊಬ್ಬರು ಟೋಪಿ. ಯಾವ ಗುಳಿಯಲ್ಲಿ ಏನಿಲ್ಲ ಎಂಬುದು ಮೇಲಿನಿಂದ ನೋಡಿದರೆ ಕಣ್ಣಿಗೇ ಬೀಳುತ್ತದೆ. 30 ಮುಗಿದಾಗ 60 ಮುತ್ತಿನ ಪೊಟ್ಟಣದಲ್ಲಿ ಒಂದು ಉಳಿದರೆ ಯಾವುದೋ ಗುಳಿಗೆ ತಪ್ಪಿದೆ; ಅಲ್ಲೇ ಹುಡುಕಬಹುದು.

ತೂಕದಿಂದ ಎಣಿಸುವವರು ತಕ್ಕಡಿ ನೋಡಿಕೊಳ್ಳಬೇಕು. 5 ಮಿ.ಮೀ.ನ ಹಿತ್ತಾಳೆ ರಿಂಗು 0.05 ಗ್ರಾಂ ಆಸುಪಾಸು. 0.1 ಗ್ರಾಂ ತೋರಿಸುವ ತಕ್ಕಡಿಗೆ ಒಂದು ರಿಂಗು ಹೋದರೂ ತಿಳಿಯದು, 0.01 ಗ್ರಾಂ ತೋರಿಸುವಂಥದ್ದೇ ಬೇಕು. ನೂರು ರಿಂಗು ಎಣಿಸಿ ತೂಗಿ ನೂರರಿಂದ ಭಾಗಿಸಿ, ಪ್ರತಿ ಹೊಸ ಸರಕಿಗೂ ಇದನ್ನು ಮತ್ತೆ ಮಾಡಿ. ಲೋಹದ ಪೊಟ್ಟಣವನ್ನು ಗೂಡು ಸೇರಿಸುವ ಮೊದಲೇ ತೂಗಬೇಕು. ಗೂಡಿನಿಂದ ಗೂಡಿಗೆ ತೂಕ 0.1 ಗ್ರಾಂ ಹೆಚ್ಚು ಕಡಿಮೆಯಾದರೂ ಎರಡು ರಿಂಗಿನ ಕೊರತೆ ಅದರಲ್ಲಿ ಮುಚ್ಚಿಹೋಗುತ್ತದೆ. ಹೆಚ್ಚುವರಿ ಸಾಮಾನಿನಲ್ಲಿ ಜಿಪುಣತನ ಬೇಡ: ಪಿನ್ನು ಎರಡು, ರಿಂಗು ಎರಡು, ಹರಳು ಎರಡು, ಮಣಿ ಹತ್ತಕ್ಕೊಂದು. ಮೊದಲ ಕುಣಿಕೆ ಎಲ್ಲರಿಗೂ ಕೆಡುತ್ತದೆ.

ಚೀಟಿ ಕನ್ನಡದಲ್ಲಿರಲಿ, ಅಕ್ಷರ ದೊಡ್ಡದಿರಲಿ, ಪ್ರತಿ ಸಾಮಾನಿನ ಚಿತ್ರ ಅದರ ನಿಜವಾದ ಅಳತೆಯಲ್ಲೇ ಇರಲಿ. ಆಗ ಮಣಿಯನ್ನು ಚಿತ್ರದ ಮೇಲಿಟ್ಟು ‘ಇದೇ 4 ಮಿ.ಮೀ.’ ಎಂದು ತಿಳಿಯಬಹುದು. ಜೆರಾಕ್ಸ್ ಅಂಗಡಿಯಲ್ಲಿ ಪುಟಕ್ಕೆ ಹೊಂದಿಸಲು ಅಚ್ಚನ್ನು ಕುಗ್ಗಿಸಿಬಿಡುತ್ತಾರೆ. ಅದಕ್ಕೆ ಮೂಲೆಯಲ್ಲಿ 10 ಸೆಂ.ಮೀ. ಗೆರೆಯೊಂದನ್ನು ಹಾಕಿ, ಸ್ಕೇಲಿಟ್ಟು ನೋಡಿಯೇ ಪ್ರತಿಗಳನ್ನು ತನ್ನಿ. ಚೀಟಿ ಸರಿಯಿದೆಯೇ ಎಂದು ತಿಳಿಯಲು ಒಡವೆ ಕೆಲಸ ಗೊತ್ತಿಲ್ಲದ ಮೂವರಿಗೆ ಕಿಟ್ ಕೊಟ್ಟು, ಪಕ್ಕದಲ್ಲಿ ಬಾಯಿ ಮುಚ್ಚಿ ಕೂರಬೇಕು. ಅವರ ಕೈ ಎಲ್ಲಿ ನಿಲ್ಲುತ್ತದೋ ಆ ಸಾಲನ್ನು ತಿದ್ದಬೇಕು. ‘ಅದು ಹಾಗಲ್ಲ ಅಕ್ಕಾ, ಹೀಗೆ’ ಎಂದು ನೀವು ಹೇಳಿಕೊಟ್ಟರೆ ಪರೀಕ್ಷೆ ಕೆಟ್ಟಿತು, ಡಬ್ಬಿಯ ಜೊತೆ ನೀವು ಹೋಗುವುದಿಲ್ಲವಲ್ಲ.

ಕಿವಿಯ ಕೊಕ್ಕೆಯಲ್ಲಿ ಉಳಿತಾಯ ಮಾಡಬಾರದು. ಅಗ್ಗದ ಕೊಕ್ಕೆಗೆ ಮೇಲಿನ ಹೊಳಪಿನ ಕೆಳಗೆ ನಿಕಲ್ ಲೇಪವಿರುತ್ತದೆ. ಬೆವರಿಗೆ ಅದು ಬಿಟ್ಟು ಕೆಲವರ ಕಿವಿ ತುರಿಸಿ ಕೀವಾಗುತ್ತದೆ. ಯುರೋಪಿನ ನಿಯಮದಲ್ಲಿ ಚುಚ್ಚಿದ ಕಿವಿಗೆ ಹಾಕುವ ಲೋಹದಿಂದ ವಾರಕ್ಕೆ ಚದರ ಸೆಂಟಿಮೀಟರಿಗೆ 0.2 ಮೈಕ್ರೋಗ್ರಾಂಗಿಂತ ಹೆಚ್ಚು ನಿಕಲ್ ಬಿಡುವಂತಿಲ್ಲ. ಸರ್ಜಿಕಲ್ ಸ್ಟೀಲ್ ಅಥವಾ 92.5 ಬೆಳ್ಳಿಯ ಕೊಕ್ಕೆ ಹಾಕಿ, ಯಾವುದೆಂದು ಬರೆಯಿರಿ. ಮೂರು ವರ್ಷದೊಳಗಿನ ಮಕ್ಕಳಿರುವ ಮನೆಗೆ ಬಿಡಿ ಮಣಿಯ ಕಿಟ್ ಹೋಗಬಾರದು, ಗಂಟಲಿಗೆ ಸಿಕ್ಕುತ್ತದೆ. ಅಯಸ್ಕಾಂತದ ಕೊಂಡಿಯನ್ನು ಮಕ್ಕಳ ಕಿಟ್ಟಿಗೆ ಯಾವ ವಯಸ್ಸಿನವರಿಗೂ ಹಾಕಬೇಡಿ. ಎರಡನ್ನು ನುಂಗಿದರೆ ಕರುಳನ್ನು ನಡುವೆ ಸಿಕ್ಕಿಸಿಕೊಂಡು ತೂತು ಮಾಡುತ್ತವೆ. 14 ವರ್ಷದೊಳಗಿನವರ ಆಟಿಕೆಗಳಿಗೆ 2021ರ ಜನವರಿ 1ರಿಂದ ಐಎಸ್‌ಐ ಗುರುತು ಕಡ್ಡಾಯ. ಡಬ್ಬಿಯ ಮೇಲೆ ‘ಮಕ್ಕಳ ಆಟ’ ಎಂದು ಅಚ್ಚು ಹಾಕಿಸುವ ಮುನ್ನ ಅದು ನಿಮಗೆ ಅನ್ವಯಿಸುತ್ತದೆಯೇ ಎಂದು ವಿಚಾರಿಸಿಕೊಳ್ಳಿ.

ಮಾರುವವರು ಇನ್ನೆರಡು ಗಮನಿಸಬೇಕು. ಪೊಟ್ಟಣ ಮಾಡಿ ಮಾರುವ ಸರಕಿನ ಮೇಲೆ 2011ರ ಕಾನೂನು ಮಾಪನಶಾಸ್ತ್ರ (ಪೊಟ್ಟಣ ಸರಕು) ನಿಯಮಗಳಂತೆ ಪ್ಯಾಕ್ ಮಾಡಿದವರ ಹೆಸರು, ವಿಳಾಸ, ವಸ್ತುವಿನ ಹೆಸರು, ಎಷ್ಟಿದೆ, ಯಾವ ತಿಂಗಳು–ವರ್ಷ, ತೆರಿಗೆ ಸೇರಿ ಗರಿಷ್ಠ ಬೆಲೆ, ದೂರು ಹೇಳಲು ಫೋನ್ ಇರಬೇಕು. ಕಾನೂನು ಮಾಪನಶಾಸ್ತ್ರ ಇಲಾಖೆಯಲ್ಲಿ ನೋಂದಣಿಯೂ ಆಗಬೇಕು. ಬೆಲೆ ಕಟ್ಟುವಾಗ ಗಡಿಯಾರ ನೋಡಿ ಕೂಲಿ ಸೇರಿಸಿ. ಉದಾಹರಣೆಗೆ ಸಾಮಾನು 62 ರೂಪಾಯಿ, ಡಬ್ಬಿ ಚೀಟಿ 14, ಗಂಟೆಗೆ 60ರಂತೆ ಹನ್ನೆರಡು ನಿಮಿಷಕ್ಕೆ 12, ಕೆಟ್ಟುಹೋಗುವುದಕ್ಕೆ 4; ಒಟ್ಟು 92. ಅಂಗಡಿಯವರು ನೂರಕ್ಕೆ 30 ಹಿಡಿದುಕೊಂಡರೆ 130ಕ್ಕೆ ಮಾರಿದ ಕಿಟ್ಟಿನಲ್ಲಿ ಕೈಗೆ ಬರುವುದು 91, ಅಂದರೆ ಒಂದು ರೂಪಾಯಿ ನಷ್ಟ. 160 ಇಟ್ಟರೆ 112 ಬರುತ್ತದೆ. ಎಷ್ಟೋ ಸಂಘಗಳ ಪುಸ್ತಕದಲ್ಲಿ ಆ 12 ರೂಪಾಯಿ ಕೂಲಿಯೇ ಇರುವುದಿಲ್ಲ. ಹೆಂಗಸರು ಮಧ್ಯಾಹ್ನ ಕೂತು ಮಾಡಿದ ಕೆಲಸಕ್ಕೆ ಬೆಲೆಯಿಲ್ಲವೆಂದು ಅವರೇ ಬರೆದುಕೊಂಡಂತೆ ಅದು.

ರೇಷ್ಮೆ ಇಲಾಖೆಗೆ ನಿಮ್ಮ ಪತ್ರಿಕೆಯ ಮೂಲಕ ನಮ್ಮ ಕೋರಿಕೆ ಒಂದೇ. ಬಿತ್ತನೆ ಕೋಠಿಗಳ ಕತ್ತರಿಸಿದ ಗೂಡನ್ನು ಮೂಟೆಗಟ್ಟಲೆ ಕೊಳ್ಳುವ ಶಕ್ತಿ ಸಣ್ಣ ಸಂಘಗಳಿಗಿಲ್ಲ. ಅರ್ಧ ಕಿಲೋ, ಒಂದು ಕಿಲೋ ಲೆಕ್ಕದಲ್ಲಿ, ನಿಗದಿ ಬೆಲೆಗೆ, ವಾರದಲ್ಲಿ ಒಂದು ದಿನವಾದರೂ ಅವರಿಗೆ ಸಿಗುವಂತೆ ಮಾಡಬೇಕು. ಶ್ರಾವಣಕ್ಕೆ ಮೊದಲು ಸಿಕ್ಕರೆ ಗೂಡಿಗೆ ಬಣ್ಣ ಹಾಕಿ ಎರಡು ದಿನ ಸರಿಯಾಗಿ ಒಣಗಿಸುವಷ್ಟು ಸಮಯ ಇನ್ನೂ ಇರುತ್ತದೆ.

ಇಂತಿ,
ಒಡವೆ ಕೈಕೆಲಸ ಕಲಿಸುವ ಕೆಲವರು
ಶಿಡ್ಲಘಟ್ಟ, ಚಿಕ್ಕಬಳ್ಳಾಪುರ ಜಿಲ್ಲೆ